ಬಿತ್ತನೆ ಶುಂಠಿಯ ಹಸಿರು ಬೂಷ್ಟು

“ಬುದ್ಧೀ, ಕೆಟ್ಟವರನ್ನು ಗುರುತಿಸುವುದು ಹೇಗೆ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಸುಮ್ಮನೆ ಕೇಳಿದ್ದಲ್ಲ. ಮಠದ ಉಸ್ತುವಾರಿ ಹೊಸದಾಗಿ ಅವನ ಹೆಗಲಿಗೆ ಬಿದ್ದಿತ್ತು. ದಾಸೋಹದ ಅಡುಗೆ ನೋಡಿಕೊಳ್ಳುವ ಕೊಟ್ರಯ್ಯನ ಬಾಯಿ ಬಲು ಒರಟು. ಉಗ್ರಾಣದವರೊಂದಿಗೆ ಜಗಳ, ಬಡಿಸುವವರೊಂದಿಗೆ ಜಗಳ. ಅಕ್ಕಿ ಅಳೆಯುವಾಗ ಪಕ್ಕದಲ್ಲೇ ನಿಂತು ಬೈಯುತ್ತಾನೆ, ಹಿಂಬಾಗಿಲಿಗೆ ಬೀಗ ಜಡಿಯುತ್ತಾನೆ ಎಂದು ಎಲ್ಲರೂ ದೂರುತ್ತಿದ್ದರು. ಅವನನ್ನು ಓಡಿಸಿ ಎಂದು ದುಂಬಾಲು ಬಿದ್ದಿದ್ದರು. ಬೆಳಗಾದರೆ ಮರುಳಸಿದ್ಧ ಒಂದು ಮಾತು ಹೇಳಲೇಬೇಕಿತ್ತು. ಹೋಗು ಎಂದರೆ ಹೋಗಲು ಕೊಟ್ರಯ್ಯನಿಗೆ ಬೇರೆ ಮನೆಯಿರಲಿಲ್ಲ. ಅದೇ ಮರುಳಸಿದ್ಧನ ಎದೆಗೆ ಭಾರವಾಗಿತ್ತು.

ಗುರುಗಳು ಅವನ ಮುಖ ನೋಡಿ ನಕ್ಕರು. ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತ ಹೆಂಗಸು ಶುಂಠಿ ಬೆಳೆಯುತ್ತಿದ್ದಳು. ತವರಿನಿಂದ ತಂದ ತಳಿ. ಬೇರೆ ಯಾರ ಬಳಿಯೂ ಇರಲಿಲ್ಲ. ಬಿತ್ತನೆಯ ಗಡ್ಡೆಗಳನ್ನು ಸೊಪ್ಪು, ಸಗಣಿಪುಡಿ ಹಾಕಿ ಗುಂಡಿಯಲ್ಲಿ ಮುಚ್ಚಿಡುತ್ತಿದ್ದಳು. ಒಂದು ವರ್ಷ ಗುಂಡಿ ತೆಗೆದಾಗ ಕೆಲವು ಗಡ್ಡೆಗಳಿಗೆ ಹಸಿರು ಬೂಷ್ಟು ಹಿಡಿದಿತ್ತು. ಆ ಸೀಮೆಯಲ್ಲಿ ಬಿತ್ತನೆಯ ಗಡ್ಡೆ ಹಸೆಗೆ ಕೂತ ಮದುಮಗಳಂತೆ ಲಕಲಕ ಎನ್ನಬೇಕು. ಅವಳು ಮೂಗು ಮುರಿದು, ಬೂಷ್ಟು ಹಿಡಿದದ್ದನ್ನೆಲ್ಲ ತಿಪ್ಪೆಗೆ ಎಸೆದಳು. ಉಳಿದದ್ದನ್ನು ತಿಕ್ಕಿ ತೊಳೆದು ನೆಟ್ಟಳು.

ಮಳೆ ಹಿಡಿಯಿತು. ಮೊಳಕೆ ಬಂತು, ಬಂದದ್ದು ಹಳದಿಯಾಯಿತು. ಹಿಡಿದೆಳೆದರೆ ಕೈಗೇ ಕಿತ್ತು ಬಂತು. ಬುಡವೆಲ್ಲ ಕೊಳೆತು ನಾರುತ್ತಿತ್ತು. ತವರಿನ ತಳಿ ತನ್ನ ಕೈಯಲ್ಲೇ ಹಾಳಾಯಿತೆಂದು ಅವಳು ಬದುವಿನ ಮೇಲೆ ಕೂತು ಅತ್ತಳು. ಕೊನೆಗೆ ಕೊಳೆತದ್ದನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹೊತ್ತಳು. ಹೋಗಿ ನೋಡಿದರೆ ಅಲ್ಲಿ ಶುಂಠಿ ಸೊಂಪಾಗಿ ಎದ್ದು ನಿಂತಿತ್ತು! ಬಗೆದಳು. ಗಡ್ಡೆ ಗಟ್ಟಿಯಾಗಿತ್ತು, ಸುತ್ತಲಿನ ಗೊಬ್ಬರದಲ್ಲೂ ಅದೇ ಹಸಿರು ಹಬ್ಬಿತ್ತು. ಹೋದ ಜೀವ ಬಂದಂತಾಯಿತು ಅವಳಿಗೆ. ಬುಟ್ಟಿಯಲ್ಲಿದ್ದ ಕೊಳೆತದ್ದನ್ನು ಅದಕ್ಕೆ ತಾಗದಂತೆ ದೂರ ಸುರಿದು ಬಂದಳು.

ಮುಂದಿನ ವರ್ಷ ಅವಳು ಹಸಿರು ಬೂಷ್ಟಿನ ಭಕ್ತೆಯೇ ಆಗಿಬಿಟ್ಟಳು. ಗುಂಡಿ ತೆಗೆದವಳೇ ಹಸಿರು ಕಂಡದ್ದನ್ನೆಲ್ಲ ಬಿತ್ತನೆಗೆಂದು ಆರಿಸತೊಡಗಿದಳು. ಒಂದು ಗಡ್ಡೆಯನ್ನು ಎತ್ತುವಾಗ ಹೆಬ್ಬೆರಳು ಒಳಕ್ಕಿಳಿಯಿತು. ಮೇಲೆ ಹಸಿರೇನೋ ಇತ್ತು. ಅಡಿಯಲ್ಲಿ ತಿರುಳು ಕೊಳೆತಿತ್ತು.

“ಬೂಷ್ಟು ಅಂದ್ರೆ ಬೂಷ್ಟೇ ಕಣೇ. ಎಲ್ಲಾ ಎಸೆದುಬಿಡು,” ಎಂದ ಗಂಡ.

“ಹೋದ ವರ್ಷ ಎಸೆದು ಅತ್ತಿದ್ದು ಸಾಲ್ದಾ?” ಎಂದಳು ಅವಳು.

ಒಂದೊಂದೇ ಗಡ್ಡೆ ಎತ್ತಿ, ಬೂಷ್ಟು ಕೂತ ಜಾಗದಲ್ಲಿ ಒತ್ತಿ ನೋಡಿದಳು. ಒಂದು ಬೂಷ್ಟು ಶುಂಠಿಯನ್ನು ತಿನ್ನುತ್ತಿತ್ತು. ಇನ್ನೊಂದು, ಶುಂಠಿಯನ್ನು ತಿನ್ನಲು ಬಂದ ಕೊಳೆಯನ್ನೇ ತಿನ್ನುತ್ತಿತ್ತು. ಬಣ್ಣ ನೋಡಿ ಎರಡನ್ನೂ ಒಂದೇ ಜಾತಿ ಎಂದುಕೊಂಡಿದ್ದಳು. ಉಣ್ಣುವುದನ್ನು ನೋಡಿದ ಮೇಲೆ ಬೇರೆ ಬೇರೆ ಎಂದು ತಿಳಿಯಿತು. ಗಟ್ಟಿಯಿದ್ದದ್ದನ್ನು ನೆಟ್ಟಳು, ಮೆತ್ತಗಿದ್ದದ್ದನ್ನು ಸುಟ್ಟಳು. ಮಗಳು ಗಂಡನ ಮನೆಗೆ ಹೊರಟಾಗ ಅವಳ ಮಡಿಲಿಗೆ ಹಾಕಿದ್ದೂ ಅದೇ ತಳಿಯ ಶುಂಠಿ.

ಮರುಳಸಿದ್ಧನ ಮುಖ ಸ್ವಲ್ಪ ಅರಳಿತು. ಆದರೂ ಕೇಳಿದ: “ಗಡ್ಡೆಯನ್ನೇನೋ ಒತ್ತಿ ನೋಡಬಹುದು ಬುದ್ಧೀ. ಮನುಷ್ಯನನ್ನು ಎಲ್ಲಿ ಒತ್ತಿ ನೋಡಲಿ?”

ಗುರುಗಳೆಂದರು: “ಮೊದಲೆಲ್ಲ ಕೊನೆಯ ಪಂಕ್ತಿಗೆ ಅನ್ನ ಸಾಲುತ್ತಿರಲಿಲ್ಲ, ಕೊಟ್ರಯ್ಯ ಬಂದ ಮೇಲೆ ಯಾವತ್ತು ಸಾಲದೆ ಹೋಗಿದೆ, ಹೇಳು.”

ಅಕ್ಕಿ ಅಳೆಯುವಾಗ ಪಕ್ಕದಲ್ಲಿ ನಿಲ್ಲುವುದು, ಹಿಂಬಾಗಿಲಿಗೆ ಬೀಗ ಜಡಿಯುವುದು ಯಾಕೆಂದು ಮರುಳಸಿದ್ಧನಿಗೆ ಆಗ ಹೊಳೆಯಿತು. ಎದೆಯ ಭಾರ ಇಳಿದಿತ್ತು.