ಆಮೆ ಕೇಳಿದ ದಾರಿ

ನಡುಬೇಸಿಗೆಯಲ್ಲಿ ಕೆರೆ ಬತ್ತತೊಡಗಿದಾಗ ಮುದಿ ಆಮೆಯೊಂದು ತೆಂಕಣ ದಿಕ್ಕಿನ ದೂರದ ಹೊಳೆಗೆ ನಡೆದು ಹೋಗಲು ನಿಶ್ಚಯಿಸಿತು. ಆದರೆ ನಡುದಾರಿಯಲ್ಲಿ ನೀರು ಸಿಗದಿದ್ದರೆ ಗತಿಯೇನು ಎಂಬ ದಿಗಿಲು ಅದನ್ನು ಬಿಡಲಿಲ್ಲ. ಹಾರಿ ನೋಡಿಬಂದ ಮಿಂಚುಳ್ಳಿ, "ನಾಲ್ಕು ಹೊಂಡಗಳಲ್ಲಿ ನೀರಿದೆ, ಹೊರಡು" ಎಂದಿತು. ಆಮೆ ಎಂಟು ದಿನ ಯೋಚಿಸಿ, "ಇನ್ನೊಮ್ಮೆ ನೋಡಿ ಬಾರಯ್ಯ" ಎಂದು ಬೇಡಿತು.

ಮಿಂಚುಳ್ಳಿ ಮರಳಿ ಬಂದು, "ಈಗ ಎರಡರಲ್ಲೇ ಇದೆ" ಎಂದಿತು.

"ಅಂದು ನಾಲ್ಕೆಂದೆ, ಇಂದು ಎರಡೆನ್ನುತ್ತೀಯೆ. ನಿನ್ನನ್ನು ಹೇಗೆ ನಂಬಲಿ?"

"ಎರಡೂ ನಿಜವೇ. ನೀನು ಯೋಚಿಸುತ್ತ ಕೂತಾಗ ಬಿಸಿಲು ಸುಮ್ಮನೆ ಕೂತಿರಲಿಲ್ಲ."

ಆಮೆ ಮತ್ತೆ ಯೋಚಿಸುತ್ತ ಕೂರಲಿಲ್ಲ. ಆ ಸಂಜೆಯೇ ಹೊರಟು, ಮೂರನೆಯ ದಿನ ಮೊದಲ ನೀರು ಕಂಡಿತು. ಅಲ್ಲಿ ಬೊಗಸೆಯಷ್ಟೇ ಉಳಿದಿತ್ತು. ಕುಡಿದ ಮೇಲೂ ಅಂಜಿಕೆ ಹೋಗಲಿಲ್ಲ. ಆದರೂ ಮುಂದಿನ ಹೊಂಡದ ಸುದ್ದಿಯನ್ನು ಯಾರಲ್ಲೂ ಕೇಳದೆ, ಅಂಜುತ್ತಲೇ ನಡೆಯಿತು.