ಕಡಲಪಾಚಿ ತೊಳೆಯುವವನು

ಕಡಲ ದಂಡೆಯ ಆಶ್ರಮದಲ್ಲಿ ಜಟ್ಟಪ್ಪನೆಂಬ ಶಿಷ್ಯನಿದ್ದ. ಮೀನುಗಾರ. ದೋಣಿ ಬಿಟ್ಟು, ನಡುವಯಸ್ಸಿನಲ್ಲಿ ಬಂದು ಸೇರಿದವನು. ಯಾಕೆ ಬಂದೆಯೆಂದು ಗುರುಗಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅಲ್ಲಿನ ನೆಲ ಬರೀ ಮರಳು. ಅಲೆ ತಂದೆಸೆದ ಪಾಚಿಯೇ ತೋಟಕ್ಕೆ ಗೊಬ್ಬರ. ಅದನ್ನು ಬುಟ್ಟಿಯಲ್ಲಿ ಹೊತ್ತು ತಂದು, ಬಾವಿಯ ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಬಸಳೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಬೇಕು. ಉಪ್ಪು ಉಳಿದರೆ ಬಳ್ಳಿ ಸುಟ್ಟುಹೋಗುತ್ತದೆ.

ಈ ಕೆಲಸವನ್ನು ಜಟ್ಟಪ್ಪ ತಾನಾಗಿಯೇ ಕೇಳಿ ಪಡೆದಿದ್ದ. ಬೆಳಕು ಹರಿಯುವ ಮೊದಲೇ ದಂಡೆಗೆ ಹೋಗುತ್ತಿದ್ದ. ತಂದದ್ದನ್ನು ಎಳೆ ಎಳೆಯಾಗಿ ಬಿಡಿಸಿ ತೊಳೆಯುತ್ತಿದ್ದ. ಎಂಥ ಶ್ರದ್ಧೆ ಎಂದು ಉಳಿದ ಶಿಷ್ಯರು ಹೊಗಳಿದರು. ಕೆಲಸ ಇನ್ನೊಬ್ಬನ ಪಾಲಿಗೆ ಬಿದ್ದಾಗ ಹೊಗಳುವುದಕ್ಕೇನು ಕಷ್ಟ.

ಪಾಚಿಯ ರಾಶಿ ಬಾವಿಕಟ್ಟೆಯ ಎತ್ತರಕ್ಕೆ ಬೆಳೆಯಿತು. ಪಾತಿಗೆ ಮಾತ್ರ ಒಂದು ಹಿಡಿಯೂ ಬೀಳಲಿಲ್ಲ. ಬಸಳೆ ಹಳದಿಯಾಗಿ ಎಲೆ ಉದುರಿಸತೊಡಗಿತು. ಊಟಕ್ಕೆ ಗಂಜಿ, ಉಪ್ಪಿನಕಾಯಿ ಅಷ್ಟೇ ಉಳಿಯಿತು. ಹೊಗಳಿದ ಬಾಯಿಗಳೇ ಈಗ ಗೊಣಗಿದವು.

ಗುರುಗಳು ಬಾವಿಯ ಬಳಿ ಬಂದರು.

"ಜಟ್ಟಪ್ಪಾ, ಇದನ್ನು ಯಾವಾಗ ಮಣ್ಣಿಗೆ ಹಾಕುತ್ತೀಯ?"

"ಇನ್ನೂ ಉಪ್ಪು ಬಿಟ್ಟಿಲ್ಲ ಗುರುಗಳೇ."

ಮುಂದಿನ ವಾರ ಕೇಳಿದಾಗಲೂ ಅದೇ ಮಾತು.

ಗುರುಗಳು ಬಗ್ಗಿ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು.

"ಇದರಲ್ಲಿ ಉಪ್ಪಿಲ್ಲ."

ಜಟ್ಟಪ್ಪ ತಲೆ ತಗ್ಗಿಸಿದ. ಕೈ ಮಾತ್ರ ನೀರಿನಲ್ಲಿ ಎಳೆ ಬಿಡಿಸುತ್ತಲೇ ಇತ್ತು.

"ಏನು ಹುಡುಕುತ್ತಿದ್ದೀಯ?"

ಜಟ್ಟಪ್ಪನ ಕೈ ನಿಂತಿತು.

"ನನ್ನ ಮಗನ್ನ," ಅಂದ ಜಟ್ಟಪ್ಪ. "ಹೋದ ಮಳೆಗಾಲದ ಕೊನೇಲಿ. ಗಾಳಿ ಜೋರಿತ್ತು. ಇವತ್ತು ಬೇಡ ಅಪ್ಪಾ ಅಂದಿದ್ದ. ನಾನೇ ಬೈದು ದೋಣಿ ಹತ್ತಿಸಿದೆ. ದೋಣಿ ಮಗುಚ್ತು. ನಾನು ದಡಕ್ಕೆ ಬಂದೆ. ಅವ ಬರಲಿಲ್ಲ."

"ದೇಹ?"

"ಸಿಗಲಿಲ್ಲ. ಒಂದು ಅಂಗಿಗುಂಡಿ ಸಿಕ್ಕಿದ್ರೂ ಸಾಕಿತ್ತು, ಅದನ್ನೇ ಇಟ್ಟು ಕ್ರಿಯೆ ಮಾಡ್ತಿದ್ದೆ. ಹೆಂಡತಿ ಇನ್ನೂ ಅವನ ಪಾಲಿನ ಅನ್ನ ತೆಗೆದಿಡ್ತಾಳೆ. ಅದನ್ನ ನೋಡಲಾರದೆ ಇಲ್ಲಿಗೆ ಬಂದೆ."

ಜಟ್ಟಪ್ಪ ಪಾಚಿಯ ರಾಶಿಯ ಕಡೆ ನೋಡಿದ.

"ಮಣ್ಣಿಗೆ ಹಾಕಿಬಿಟ್ರೆ ಎಲ್ಲ ಕೊಳೆತುಹೋಗ್ತದೆ. ಆಮೇಲೆ ಎಲ್ಲಿ ಅಂತ ಹುಡುಕಲಿ? ಇದರೊಳಗೆ ಅವನೇ ಇದ್ರೆ? ಆ ಬಸಳೆಯನ್ನ ನಾನು ಹೇಗೆ ತಿನ್ನಲಿ?"

ಗುರುಗಳ ಕಡೆ ತಿರುಗಿ ಕೇಳಿದ.

"ಕಡಲಲ್ಲಿ ಹೋದವರು ಎಲ್ಲಿಗೆ ಹೋಗ್ತಾರೆ ಗುರುಗಳೇ?"

"ಗೊತ್ತಿಲ್ಲ."

"ನಿಮಗೂ ಗೊತ್ತಿಲ್ವಾ?"

"ಇಲ್ಲ."

ಜಟ್ಟಪ್ಪನ ಎದೆ ಒಡೆಯಿತು. ಇಷ್ಟು ದಿನ ಈ ಒಂದು ಪ್ರಶ್ನೆಯನ್ನು ಅವನು ಜೋಪಾನ ಮಾಡಿಕೊಂಡು ಬಂದಿದ್ದ. ಇದಕ್ಕೂ ಉತ್ತರವಿಲ್ಲವೆಂದರೆ ಇನ್ನು ಯಾರ ಬಳಿ ಹೋಗುವುದು? ಬಾವಿಕಟ್ಟೆಗೆ ಹಣೆಯಿಟ್ಟು ಅತ್ತ. ಅತ್ತ ಮೇಲೂ ಏನೂ ಹಗುರವಾಗಲಿಲ್ಲ.

ಗುರುಗಳು ಒದ್ದೆ ನೆಲದ ಮೇಲೆ ಅವನ ಪಕ್ಕದಲ್ಲೇ ಕುಳಿತರು. ರಾಶಿಯಿಂದ ಒಂದು ಹಿಡಿ ಪಾಚಿ ಎಳೆದುಕೊಂಡು, ಎಳೆ ಎಳೆ ಬಿಡಿಸಿ ನೋಡತೊಡಗಿದರು.

ಜಟ್ಟಪ್ಪ ತಲೆಯೆತ್ತಿದ.

"ನೀವು ಹೇಗೆ ಹುಡುಕ್ತೀರಿ? ನೀವು ಅವನನ್ನ ನೋಡಿಯೇ ಇಲ್ಲ."

"ನೋಡಿಲ್ಲ," ಅಂದರು ಗುರುಗಳು. "ಹೇಳು, ಹೇಗಿದ್ದ ನಿನ್ನ ಮಗ?"