ಫಕೀರಪ್ಪ ಸುಳ್ಳು ಹೇಳಾಕ ಹೋದದ್ದು

ಒಬ್ಬಾಕಿ ತಾಯಿ, ಒಬ್ಬ ಮಗ. ತಾಯಿ ಸಂಗವ್ವ, ಖಾನಾವಳಿಯಾಗ ರೊಟ್ಟಿ ಬಡಿಯಾಕಿ. ಮಗ ಫಕೀರಪ್ಪ. ಇಪ್ಪತ್ತೈದು ತುಂಬಿತ್ತು, ಮೈ ಬೆಳೆದಿತ್ತು, ಬುದ್ಧಿ ಮಾತ್ರ ಅಲ್ಲೇ ಕುಂತಿತ್ತು. "ಕೆರಿಯಾಗ ನೀರು ಐತೇನು ನೋಡಿ ಬಾ" ಅಂದರ, ದಂಡಿಮ್ಯಾಲ ಕುಂತು ಸಂಜಿತನಕ ನೀರು ನೋಡಿ ಬರಾಂವ.

"ನನ್ನ ಹೊಟ್ಟಿಯಾಗ ಏನು ಹುಟ್ಟಿದಿಯೋ!" ಅಂತ ಸಂಗವ್ವ ಹಣಿ ಬಡಕೊಳ್ಳಾಕಿ.

"ಗಂಡು ಹುಟ್ಟೀನಿ ಯವ್ವಾ" ಅನ್ನಾಂವ.

ಆ ಊರಾಗ ಕೇಬಲ್ ಟೀವಿಯವರು ಪ್ರತಿ ಐತವಾರ ಒಂದು ನಗಿ ಕಾರ್ಯಕ್ರಮ ನಡಸ್ತಿದ್ರು. ಒಬ್ಬರು ತಮಗಾದದ್ದು ಅಂತ ಒಂದು ಸಂಗತಿ ಹೇಳೋದು. ಅದು ನಿಜಾನೂ ಇರಬಹುದು, ಚೀಟಿಯಾಗ ಬರಕೊಟ್ಟ ಸುಳ್ಳೂ ಇರಬಹುದು. ಎದುರಿಗೆ ಕುಂತ ಇಬ್ಬರು ಕೆದಕಿ ಕೆದಕಿ ಕೇಳಿ, ನಿಜಾನೋ ಸುಳ್ಳೋ ಹೇಳಬೇಕು. ನಡಸಾಂವ ತೋಂಟೇಶ, ಮಾತಿನ ಮಲ್ಲ. ಖಾನಾವಳಿಗೆ ಉಣ್ಣಾಕ ಬಂದಾಗ ಫಕೀರಪ್ಪನ ಮಾತು ಕೇಳಿ ಬಿದ್ದು ಬಿದ್ದು ನಕ್ಕ. "ಈತನ್ನ ಕಳಸವ್ವಾ" ಅಂದ.

ಸಂಗವ್ವಗ ಆಸೆ ಆತು. ಊರ ಮಂದಿ ಮಗನ್ನ ಪೆದ್ದ ಅಂತಿದ್ರು. ಟೀವಿಯಾಗ ಬಂದರ ಹೆಸರು ಹಿಡಿದು ಕರೆದಾರು!

ಮೊದಲ ಐತವಾರ ತೋಂಟೇಶ ಚೀಟಿ ಕೊಟ್ಟ. "ಇದರಾಗ ಇದ್ದದ್ದು ಹೇಳು" ಅಂದ. ಫಕೀರಪ್ಪ ಎದ್ದು ನಿಂತು ಓದಿದ: "ಇದು ಸುಳ್ಳು. ನಾನು ಕತ್ತೆಮ್ಯಾಲ ಕುಂತು ಮದುವಿಗೆ ಹೋಗಿದ್ದೆ."

ಆಟ ಅಲ್ಲೇ ಮುಗೀತು! ಮನಿಗೆ ಬಂದರ ಸಂಗವ್ವ ಬೈದಳು. "ಒಣಾ ಒಣಾ ಓದ್ತಾರೇನೋ? ಉಪ್ಪು ಖಾರ ಹಚ್ಚಿ ಹೇಳಬೇಕೋ!"

"ಹೂಂ ಯವ್ವಾ."

ಎರಡನೇ ಐತವಾರ ಉಪ್ಪು ಖಾರ ಕಟ್ಟಿಗೊಂಡು ಹೋದ. ಚೀಟಿ ಕೈಗೆ ಬಂದದ್ದೇ ತಡ, ಎರಡೂ ಮಗ್ಗಲು ಹಚ್ಚಿದ, ಝಾಡಿಸಿದ, ಹೇಳಾಕ ನಿಂತ. ತೋಂಟೇಶ ಸೀನಿದ, ಕ್ಯಾಮೆರಾದಾಂವ ಸೀನಿದ, ಮಂದಿ ಎಲ್ಲಾ ಸೀನಿದ್ರು!

"ಅಯ್ಯೋ ನನ್ನಪ್ಪಾ!" ಅಂದಳು ಸಂಗವ್ವ. "ಖಾರ ಸಾಕು. ಕೇಳೋರ ಕಣ್ಣಿಗೆ ಕಟ್ಟೋ ಹಂಗ ಹೇಳಬೇಕು!"

"ಹೂಂ ಯವ್ವಾ."

ಮೂರನೇ ಐತವಾರ ಎರಡು ಟುವಾಲು ಒಯ್ದ. ಎದುರಿನ ಇಬ್ಬರ ಕಣ್ಣಿಗೂ ಬಿಗಿಯಾಗಿ ಕಟ್ಟಿದ. "ಈಗ ಹೇಳ್ತೀನಿ ಕೇಳ್ರಿ!"

ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ತೋಂಟೇಶ ಅವನ್ನ ಬದಿಗೆ ಕರದ. "ಚೀಟೀನೂ ಬ್ಯಾಡ, ಏನೂ ಬ್ಯಾಡ ಮಾರಾಯಾ! ಮುಂದಿನ ವಾರ ನಿನಗ ಆದದ್ದನ್ನ ಇದ್ದದ್ದು ಇದ್ದಂಗ ಹೇಳು. ಎದುರಿನವರು ನಿಜಾನ ಸುಳ್ಳು ಅಂದರ ನೀ ಗೆದ್ದಂಗ. ಸುಳ್ಳನ್ನ ಯಾರೂ ಹಿಡೀದಿದ್ರ ಸುಳ್ಳು ಹೇಳಿದವರು ಗೆದ್ದಂಗ. ಇಷ್ಟ ಆಟ."

ನಾಕನೇ ಐತವಾರ ಸಂಗವ್ವ ತಾನೂ ಬಂದು ಮುಂದಿನ ಸಾಲಿನ್ಯಾಗ ಕುಂತಳು. ಎದುರಿಗೆ ಬ್ಯಾರೆ ಊರಿನ ಇಬ್ಬರು: ಟೇಲರ್ ಹನೀಫಣ್ಣ, ಶಾರದಾ ಟೀಚರು.

ಫಕೀರಪ್ಪ ಕೈಕಟ್ಟಿ ನಿಂತು ಹೇಳಿದ. "ನಾ ಸಣ್ಣಾಂವ ಇದ್ದಾಗ ನಮ್ಮಪ್ಪ ನನಗೊಂದು ಊದೋ ಸೀಟಿ ತರಾಕ ಪ್ಯಾಟಿಗೆ ಹೋದ. ಇನ್ನಾ ಬಂದಿಲ್ಲ. ದಿನಾ ಒಂದು ರೊಟ್ಟಿ ಅವಗ ತಗದಿಡ್ತೀನಿ. ಮುಂಜಾನೆ ಕೆಡಬಾರದಂತ ನಾನೇ ತಿಂತೀನಿ."

ಮಂದಿ ನಕ್ಕರು. ಊರಿನ ಹಳಬರು ಮಾತ್ರ ನಗಲಿಲ್ಲ, ನೆಲಾ ನೋಡಿದ್ರು.

"ಒಂದು ಸೀಟಿಗೆ ಇಷ್ಟು ವರ್ಷ ಬೇಕೇನಪ್ಪಾ?" ಅಂತ ಕೇಳಿದ ಹನೀಫಣ್ಣ.

"ಚಲೋ ಸೀಟಿ ಸಿಗಾಕ ಹೊತ್ತು ಹಿಡೀತೈತಿ. ಅವ್ವ ಹೇಳ್ಯಾಳ."

"ಸುಳ್ಳು!" ಅಂದ ಹನೀಫಣ್ಣ. "ಸುಳ್ಳು!" ಅಂದರು ಟೀಚರು.

"ನಿಜ! ನಮ್ಮವ್ವ ಇಲ್ಲೇ ಅದಾಳ. ಕೇಳ್ರಿ!"

ತೋಂಟೇಶ ನಗಕೋತ ಮೈಕು ಒಯ್ದು ಸಂಗವ್ವನ ಬಾಯಿಮುಂದ ಹಿಡದ. ಆಕಿ ಮಾರಿ ನೋಡಿದ, ನಗಿ ನಿಂತಿತು.

ಸಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸೆರಗು ತಗದು ಮಗನ ಕಡೆ ನೋಡಿದಳು. "ಸುಳ್ಳಪ್ಪಾ. ನಿಮ್ಮಪ್ಪ ಕಲ್ಲಿನ ಗಣಿಯಾಗ ಸತ್ತ. ನಿನಗ ಐದು ವರ್ಷ. ಅಳಬಾರದಂತ ಹಂಗ ಹೇಳಿದೆ. ಬುದ್ಧಿ ಬಂದಮ್ಯಾಲ ಹೇಳಿದರಾತು ಅಂತ ಕಾದೆ. ಕಾಯಕೋತ ಕುಂತೆ."

ಫಕೀರಪ್ಪ ಬೆರಳು ಮಡಿಚಿ ಎಣಿಸಿದ, ಬೆರಳು ಸಾಲಲಿಲ್ಲ.

"ಎಷ್ಟು ವರ್ಷ ಆತು ಯವ್ವಾ?"

"ಇಪ್ಪತ್ತು."

ಕಣ್ಣಾಗ ನೀರು ಇಳೀತು. ಅದನ್ನ ಒರಸಲಿಲ್ಲ ಅಂವ. ಕೆಳಗ ಇಳಿದು ಬಂದ, ರೊಟ್ಟಿ ಬಡಿದು ಬಡಿದು ಸವೆದಿದ್ದ ತಾಯಿನ್ನ ಕೂಸಿನಂಗ ಎತ್ತಿದ, ಗೆದ್ದವರು ಕುಂದ್ರೋ ಕುರ್ಚಿಮ್ಯಾಲ ಒಯ್ದು ಕುಂದರಿಸಿದ.

"ಇಪ್ಪತ್ತು ವರ್ಷ ನಾ ಹಿಡೀಲಿಲ್ಲ! ಯವ್ವಾ, ನೀನ ಗೆದ್ದಿ! ಹೊಡೀರಲೇ ಚಪ್ಪಾಳಿ!"

ಯಾರ ಕೈಯೂ ಏಳಲಿಲ್ಲ. ಅಂವ ಒಬ್ಬನ ಅಳಕೋತ, ಅಳಕೋತ ಚಪ್ಪಾಳಿ ಹೊಡೆದ.